ಶಿರಸಿಯಲ್ಲಿ ನಿಂತಿರುವ 1965ರ ಎಂಜಿಬಿ ಕಾರನ್ನು ಮೂಲ ರೂಪಕ್ಕೆ ತರಲು ಎಲ್ಲಿಂದ ಆರಂಭಿಸಬೇಕು?

ನಿಮ್ಮ ದೊಡ್ಡಪ್ಪನವರ ಕಾಲದಿಂದ ಶಿರಸಿಯ ಮನೆಯ ಕೊಟ್ಟಿಗೆಯಲ್ಲಿ ನಿಂತಿರುವ, ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರಾದ 1965ರ ಎಂಜಿಬಿಯಲ್ಲಿ ಈಗ ಅಂಬಾಸಿಡರ್ ಎಂಜಿನ್ ಇದೆ, ಕೆಂಪು ಬಣ್ಣ ಎದ್ದಲ್ಲಿ ತಿಳಿ ನೀಲಿ ಕಾಣುತ್ತಿದೆ, ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದಿದೆ ಎಂದು ಬರೆದಿದ್ದೀರಿ. ಈಗಿನ ಕಾಲದ ಎಂಜಿನ್ ಕೂರಿಸಿ ಓಡಿಸುವುದು ಸರಿಯೋ, ಕಾರ್ಖಾನೆಯಿಂದ ಬಂದಾಗ ಇದ್ದಂತೆ ಮಾಡುವುದು ಸರಿಯೋ, ಹಾಗೆ ಮಾಡುವುದಾದರೆ ಕೆಲಸ ಎಲ್ಲಿಂದ ಆರಂಭವಾಗಬೇಕು, ಬರುವ ಚೌತಿಯೊಳಗೆ ಬಣ್ಣ ಮುಗಿದೀತೇ ಎಂದು ಕೇಳಿದ್ದೀರಿ. ನಾನು ಕಾರವಾರದಲ್ಲಿದ್ದುಕೊಂಡು ಬಹುಕಾಲದಿಂದ ಹಳೆಯ ಬ್ರಿಟಿಷ್ ಕಾರುಗಳ ಕೆಲಸ ಮಾಡುತ್ತ ಬಂದವನಾದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೂಲ ರೂಪಕ್ಕೇ ತನ್ನಿ. ಆದರೆ ನಿಮ್ಮ ಕಾರಿನ ಮೂಲ ರೂಪ ಯಾವುದಿತ್ತು ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲಷ್ಟೇ ಸ್ಪಾನರ್ ಕೈಗೆತ್ತಿಕೊಳ್ಳಿ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಹೊರಗಿನ ಆಕಾರ ಹೆಚ್ಚು ಬದಲಾಗದಿದ್ದರೂ ಒಳಗಿನ ಭಾಗಗಳು ಮತ್ತೆ ಮತ್ತೆ ಬದಲಾದವು. ಕ್ರ್ಯಾಂಕ್ ದಂಡವನ್ನು ಹೊರುವ ಮೂರು ಮುಖ್ಯ ಬೇರಿಂಗ್‌ಗಳ ಎಂಜಿನ್ ಹೋಗಿ ಐದು ಬೇರಿಂಗ್‌ಗಳ 18ಜಿಬಿ ಎಂಜಿನ್ ಬಂದದ್ದು 1964ರ ಕೊನೆಯ ಭಾಗದಲ್ಲಿ. ಎಳೆದು ತೆರೆಯುವ ಬಾಗಿಲ ಹಿಡಿಕೆಯ ಜಾಗಕ್ಕೆ ಗುಂಡಿ ಒತ್ತುವ ಹಿಡಿಕೆ ಬಂದದ್ದು 1965ರಲ್ಲಿ, ಆದ್ದರಿಂದ ನಿಮ್ಮ ಕಾರು ಆ ವರ್ಷದ ಯಾವ ಭಾಗದಲ್ಲಿ ತಯಾರಾಯಿತು ಎಂಬುದರ ಮೇಲೆ ಅದರ ಹಿಡಿಕೆ ಯಾವುದೆಂಬುದು ನಿಲ್ಲುತ್ತದೆ. 1967ರ ಕೊನೆಗೆ ಬ್ಯಾಟರಿಗೆ ಕರೆಂಟ್ ತುಂಬುವ ಡೈನಮೋ ಬದಲು ಆಲ್ಟರ್ನೇಟರ್ ಬಂತು, 1974ರಲ್ಲಿ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂತು. ಎಂಜಿಬಿಯದೆಂದು ಸಿಕ್ಕಿದ ಭಾಗವನ್ನೆಲ್ಲ ತಂದು ಜೋಡಿಸಿದರೆ ಯಾವ ವರ್ಷಕ್ಕೂ ಸೇರದ ಕಾರು ಸಿದ್ಧವಾಗುತ್ತದೆ.

ಬಾನೆಟ್ ಎತ್ತಿದರೆ ಕಾಣುವ ತಗಡಿನ ಪಟ್ಟಿಯಲ್ಲಿ ಚಾಸಿಸ್ ಸಂಖ್ಯೆ ಇರುತ್ತದೆ. ಅದು ಜಿಎಚ್‌ಎನ್3 ಎಂದು ಆರಂಭವಾಗಬೇಕು. ಅದರ ಬೆನ್ನಿಗೆ ಎಲ್ ಅಕ್ಷರವಿದ್ದರೆ ಸ್ಟಿಯರಿಂಗ್ ಎಡಗಡೆಗೆ ಇರುವಂತೆ ತಯಾರಾದ ಕಾರು ಎಂದರ್ಥ. ಈ ಸಂಖ್ಯೆಯನ್ನು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್‌ಗೆ ಕಳುಹಿಸಿ, ಶುಲ್ಕ ಕಟ್ಟಿದರೆ, ಅವರು ತಮ್ಮಲ್ಲಿರುವ ತಯಾರಿಕಾ ದಾಖಲೆಗಳನ್ನು ನೋಡಿ ಕಾರು ತಯಾರಾದ ದಿನಾಂಕ, ಮೊದಲ ಎಂಜಿನ್ ಸಂಖ್ಯೆ, ಮೈಬಣ್ಣ, ಒಳಹೊದಿಕೆಯ ಬಣ್ಣ, ಕಳುಹಿಸಿದ ದೇಶ ಇವನ್ನೆಲ್ಲ ನಮೂದಿಸಿದ ಪ್ರಮಾಣಪತ್ರ ಕೊಡುತ್ತಾರೆ. ಈ ಕೆಲಸದಲ್ಲಿ ನೀವು ಖರ್ಚು ಮಾಡಬೇಕಾದ ಮೊದಲ ಹಣ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪತ್ರ ಬರುವವರೆಗೆ ಕಾರನ್ನೇ ಓದಿ. ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲ ಒಳಹೊದಿಕೆಯ ಹಿಂಭಾಗ ಮೊದಲಾದ ಕಡೆ ಮರುಬಣ್ಣದ ಗನ್ ಸಾಮಾನ್ಯವಾಗಿ ತಲುಪಿರುವುದಿಲ್ಲ. ಅಲ್ಲಿಯೂ ತಿಳಿ ನೀಲಿಯೇ ಇದ್ದರೆ ಅದು ಆ ಕಾಲದ ಐರಿಸ್ ಬ್ಲೂ ಆಗಿರುವ ಸಂಭವವೇ ಹೆಚ್ಚು. ಬಾನೆಟ್ಟಿಗೆ ಅಯಸ್ಕಾಂತ ಹಿಡಿಯದಿದ್ದರೆ, ಯಾರೋ ಬದಲಾಯಿಸಿದ್ದಾರೆಂದು ಟಿಂಕರಿಂಗ್ ಮಾಡುವವರು ಹೇಳಬಹುದು. ಅವರ ಮಾತು ಕೇಳಿ ಅದನ್ನು ಗುಜರಿಗೆ ಹಾಕಬೇಡಿ, ಏಕೆಂದರೆ ಆ ವರ್ಷಗಳ ಎಂಜಿಬಿಗೆ ಅಲ್ಯುಮಿನಿಯಂ ಬಾನೆಟ್ಟೇ ಇತ್ತು. ವೈರುಗಳ ಬಣ್ಣಕ್ಕೂ ಅರ್ಥವಿದೆ: ಕಂದು ಬ್ಯಾಟರಿಯಿಂದ ಸದಾ ಕರೆಂಟ್ ಇರುವ ವೈರು, ಬಿಳಿ ಇಗ್ನಿಶನ್‌ನದು, ಹಸಿರು ಇಗ್ನಿಶನ್ ದಾಟಿ ಫ್ಯೂಸ್ ಮೂಲಕ ಹೋಗುವುದು, ಕಪ್ಪು ಅರ್ತಿಂಗ್. ಒಂದು ವೈರಿನ ನಡುವೆ ಬೇರೆ ಬಣ್ಣದ ತುಂಡು ಸೇರಿರುವುದು ಕಂಡಲ್ಲೆಲ್ಲ ನಂತರದ ಕೈ ಬಿದ್ದಿದೆ ಎಂದು ತಿಳಿಯಿರಿ. ಬ್ಯಾಟರಿ ಜೋಡಿಸುವಾಗ ವಿಶೇಷ ಎಚ್ಚರ ಬೇಕು, ಏಕೆಂದರೆ 1965ರ ಕಾರಿನಲ್ಲಿ ಸೀಟುಗಳ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿಗಳಿದ್ದು, ಬಾಡಿಗೆ ಅರ್ತ್ ಆಗುವುದು ಪಾಸಿಟಿವ್ ತುದಿ; ನಮ್ಮ ಎಲೆಕ್ಟ್ರಿಷಿಯನ್ನರ ಕೈ ಅಭ್ಯಾಸಬಲದಿಂದ ನೆಗೆಟಿವ್ ಕಡೆಗೇ ಹೋಗುತ್ತದೆ.

ಈಗ ತುಕ್ಕಿನ ವಿಷಯ. ಎಂಜಿನ್ನಿಗಿಂತ ಇದೇ ದೊಡ್ಡ ಕೆಲಸ. ಎಂಜಿಬಿಗೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ತೆರೆದ ಕಾರಾದ್ದರಿಂದ ಮೇಲ್ಛಾವಣಿಯ ಆಧಾರವೂ ಇಲ್ಲ. ಹೀಗಾಗಿ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆಯಂತೆ ಹೋಗುವ ಸಿಲ್‌ಗಳೇ ಇಡೀ ಕಾರಿನ ಬೆನ್ನೆಲುಬು. ಹೊರಗೆ ಕಾಣುವ ತಗಡಿನ ಒಳಗೆ ಇನ್ನೂ ಪದರಗಳಿವೆ, ಮತ್ತು ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಅಂಗೈಯಗಲ ತೂತು ಕಂಡರೆ ಒಳಪದರ ಹೋಗಿದೆ ಎಂದೇ ಲೆಕ್ಕ ಹಾಕಿ. ತೂತಿನ ಮೇಲೆ ತಗಡಿನ ತೇಪೆ ಹಚ್ಚಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ನಮ್ಮ ಕರಾವಳಿಯಲ್ಲಿ ಬಹಳ ಬಳಕೆಯಲ್ಲಿದೆ; ಈ ಕಾರಿನ ಮಟ್ಟಿಗೆ ಅದು ಅಪಾಯಕಾರಿ ಎಂದು ನಾನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಕೊಳೆತ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನ ಮುಂದಿನಿಂದ ಹಿಂದಿನವರೆಗೆ ಚೌಕ ಕೊಳವೆಯ ಆಧಾರವನ್ನು ವೆಲ್ಡ್ ಮಾಡಿ, ಕಾರನ್ನು ಸಮತಟ್ಟಾದ ನೆಲದ ಮೇಲೆ ಸರಿಯಾದ ಜಾಗಗಳಲ್ಲಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಬೇಕು. ಒಮ್ಮೆಗೆ ಒಂದೇ ಬದಿ ಕತ್ತರಿಸಬೇಕು. ಹೊಸ ತಗಡನ್ನು ಮೊದಲು ಕ್ಲ್ಯಾಂಪ್ ಹಾಕಿ ಹಿಡಿಸಿ, ಬಾಗಿಲನ್ನು ತೂಗುಹಾಕಿ, ಸುತ್ತಲಿನ ಸಂದು ಎಲ್ಲೆಡೆ ಸಮನಾಗಿದೆಯೇ ಎಂದು ನೋಡಿ, ಆಮೇಲೆ ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ, ಮತ್ತೆ ಬಾಗಿಲು ಹಾಕಿ ನೋಡಬೇಕು. ಈ ತಾಳ್ಮೆ ಇಲ್ಲದೆ ಬಾಡಿ ನಡುವೆ ಬಗ್ಗಿಹೋದರೆ ಅನಂತರ ಯಾವ ಮೇಸ್ತ್ರಿಯೂ ಬಾಗಿಲನ್ನು ನೆಟ್ಟಗೆ ಮುಚ್ಚುವಂತೆ ಮಾಡಲಾರ. ಶಿರಸಿಯಲ್ಲಿ ತೋಟದ ಜೀಪುಗಳನ್ನು ರಿಪೇರಿ ಮಾಡುವ ನುರಿತ ವೆಲ್ಡರುಗಳಿದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಜೀಪಿನ ಅಭ್ಯಾಸ ಇಲ್ಲಿ ಸಾಲದು ಎಂಬುದನ್ನು ಕುಳಿತು ವಿವರಿಸಿ ಹೇಳಿ.

ಎಂಜಿನ್ನಿನ ಮಟ್ಟಿಗೆ ನೀವು ಅದೃಷ್ಟವಂತರು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕಂಪನಿಯ ಬಿ ಎಂಬ ಒಂದೇ ಎಂಜಿನ್ ಸರಣಿಯವೇ. ಬಿಡಿಭಾಗ ಸಿಗದ ಕಾಲದಲ್ಲಿ ದೊಡ್ಡಪ್ಪನವರು ಹಾಗೆ ಬದಲಾಯಿಸಿದ್ದು ವಿವೇಕದ ಕೆಲಸವೇ ಆಗಿತ್ತು. ಕಾರು ಗುಜರಿ ಸೇರದೆ ಉಳಿದದ್ದು ಅದರಿಂದ. ಹಳೆಯ ಎಂಜಿನ್ ಅಟ್ಟದಲ್ಲೋ ಅಡಿಕೆ ಗೋದಾಮಿನಲ್ಲೋ ಬಿದ್ದಿದೆಯೇ ಎಂದು ಮನೆಯ ಹಿರಿಯರನ್ನು ಮೊದಲು ವಿಚಾರಿಸಿ. ಸಿಗದಿದ್ದರೆ 18ಜಿಬಿ ಎಂಜಿನ್ ಒಂದನ್ನೂ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್ ಜೋಡಿಯನ್ನೂ ಹೊರದೇಶದಿಂದ ತರಿಸಬೇಕಾಗುತ್ತದೆ. ಅಂಬಾಸಿಡರ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್‌ಗೆ ಇದರ ವಾಲ್ವ್ ಹೊಂದಿಸುವುದಾಗಲಿ ಹೆಡ್ ಬಿಗಿಯುವುದಾಗಲಿ ಹೊಸದೆನಿಸುವುದಿಲ್ಲ. ಗೇರ್‌ಬಾಕ್ಸ್ ಮೊದಲಿನದೇ ಇದ್ದರೆ ಅದರ ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ವ್ಯವಸ್ಥೆ, ಇಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಓಡುತ್ತಿರುವಾಗಲೇ ಒಂದನೇ ಗೇರಿಗೆ ಇಳಿಯಬೇಕಾದರೆ ಹಳೆಯ ಲಾರಿ ಚಾಲಕರಂತೆ ಡಬಲ್ ಕ್ಲಚ್ ಮಾಡಬೇಕು, ಅಂದರೆ ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಅದನ್ನು ದೋಷವೆಂದು ತಿಳಿದು ಗೇರ್‌ಬಾಕ್ಸ್ ಬದಲಾಯಿಸಬೇಡಿ.

ಮೂರು ಕಡೆ ಮಾತ್ರ ಮೂಲದಿಂದ ಸರಿಯುವುದು ಉಚಿತವೆಂದು ನಾನು ಭಾವಿಸುತ್ತೇನೆ, ಮೂರೂ ಕಣ್ಣಿಗೆ ಕಾಣುವಂಥವಲ್ಲ. ಭಾರತದಲ್ಲಿ 2000ನೇ ಇಸವಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುವುದರಿಂದ, ವಾಲ್ವ್ ಕೂರುವ ಜಾಗವನ್ನು ಸವೆತದಿಂದ ಕಾಯುತ್ತಿದ್ದ ಸೀಸ ಈಗಿಲ್ಲ; ಹೆಡ್ಡಿಗೆ ಗಟ್ಟಿ ಲೋಹದ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಕೂರಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದನ್ನು ತಾಳುವ ಹೋಸ್ ಪೈಪುಗಳನ್ನು ಹಾಕಿ. ಎಥನಾಲ್ ತೇವ ಹೀರುತ್ತದೆ, ಆದ್ದರಿಂದ ಮಳೆಗಾಲದುದ್ದಕ್ಕೂ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಹೊಸ ಸಿಲ್‌ಗಳ ಒಳಗೆ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿ, ನೀರು ಇಳಿಯುವ ತೂತುಗಳು ತೆರೆದಿರುವಂತೆ ನೋಡಿಕೊಳ್ಳಿ. ಆಬಿಂಗ್ಡನ್‌ನವರು ಉತ್ತರ ಕನ್ನಡದ ಮಳೆಯನ್ನೂ ಕಡಲ ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ಈ ಕಾರನ್ನು ಕಟ್ಟಿರಲಿಲ್ಲ.

ಕಾನೂನೂ ನಿಮ್ಮನ್ನು ಮೂಲ ರೂಪದ ಕಡೆಗೇ ಒಯ್ಯುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡಾಗದೆ ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಇದಕ್ಕೆ 20,000 ರೂಪಾಯಿ ಶುಲ್ಕವಿದ್ದು, ನೋಂದಣಿ 10 ವರ್ಷ ನಡೆಯುತ್ತದೆ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಅಂಥ ಕಾರನ್ನು ಪ್ರದರ್ಶನ, ರ್ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಇಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಈಗಿನ ಕಾಲದ ಎಂಜಿನ್ ಕೂರಿಸಿದರೆ ಈ ದಾರಿ ಮುಚ್ಚಿದಂತೆಯೇ. ಆರ್‌ಸಿಯಲ್ಲಿ ಈಗ ಯಾವ ಎಂಜಿನ್ ಸಂಖ್ಯೆ ಇದೆ ಎಂಬುದನ್ನು ನೋಡಿಕೊಂಡು, ಮೂಲ ಬಗೆಯ ಎಂಜಿನ್ ಮರಳಿ ಕೂರಿಸುವ ಮೊದಲೇ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ಮಾತನಾಡಿ.

ಚೌತಿಯೊಳಗೆ ಬಣ್ಣ ಬೇಡ. ಚೌತಿ ಬರುವುದೇ ಮಳೆಗಾಲದಲ್ಲಿ. ಶಿರಸಿಯ ಆ ತೇವದಲ್ಲಿ ಉಜ್ಜಿದ ತಗಡಿನ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕಿನ ಪೊರೆ ಕೂರುತ್ತದೆ, ಮತ್ತು ಪ್ರೈಮರ್ ಅದನ್ನು ಒಳಗೇ ಮುಚ್ಚಿಬಿಡುತ್ತದೆ. ಮಳೆಗಾಲವನ್ನು ಪ್ರಮಾಣಪತ್ರ ತರಿಸುವುದಕ್ಕೆ, ಭಾಗಗಳನ್ನು ಬಿಚ್ಚಿ ಫೋಟೊ ತೆಗೆದು ಚೀಟಿ ಕಟ್ಟುವುದಕ್ಕೆ, ಎಂಜಿನ್ ಹುಡುಕುವುದಕ್ಕೆ ಬಳಸಿ. ದೀಪಾವಳಿ ಕಳೆದ ಮೇಲೆ ವೆಲ್ಡಿಂಗ್ ಹಿಡಿಯಿರಿ. ಬಣ್ಣಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳನ್ನು ಇಟ್ಟುಕೊಳ್ಳಿ, ಮತ್ತು ಐರಿಸ್ ಬ್ಲೂ ಎಂದು ಖಚಿತವಾದರೆ ಮೆಟಾಲಿಕ್ ಹೊಳಪಿಲ್ಲದ ಸಾದಾ ಬಣ್ಣವನ್ನೇ ಕಲಸಿಸಿ.