ರಿಪೋರ್ಟ್ ಪಕ್ಕಕ್ಕಿಡಿ, ಎರಡೂ ಕೈ ಚಾಚಿ

ಪ್ರಶ್ನೆ: ಮಗಳಿಗೆ 26 ವರ್ಷ. ಟಕಯಾಸು ಆರ್ಟರೈಟಿಸ್ (ದೊಡ್ಡ ರಕ್ತನಾಳಗಳ ಉರಿಯೂತ) ಇದೆ. ಉರಿಯೂತ ನೋಡುವ ರಕ್ತಪರೀಕ್ಷೆಯಲ್ಲಿ ಈ ಸಲ ಇಎಸ್‌ಆರ್ 14, ಸಿಆರ್‌ಪಿ 2. ಎರಡೂ ನಾರ್ಮಲ್ ಎಂದು ಲ್ಯಾಬಿನವರು ಹೇಳಿದರು. ಸ್ಟಿರಾಯ್ಡ್ ನಿಲ್ಲಿಸಬಹುದೇ? ಬಟ್ಟೆ ಒಣಗಿಸಲು ಕೈ ಎತ್ತಿದರೆ ಎಡಗೈ ಸೋಲುತ್ತದೆ ಎನ್ನುತ್ತಾಳೆ, ಅಷ್ಟೇ.
– ಓದುಗರು, ಕುಂದಾಪುರ

ಉತ್ತರ: ನಿಲ್ಲಿಸಬೇಡಿ. ‘ಅಷ್ಟೇ’ ಎಂದು ಕೊನೆಗೆ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಬೇಕಾದದ್ದು ಅದೊಂದೇ. ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಬರುವವರೂ ಮೊದಲು ಫೈಲ್ ಚಾಚುತ್ತಾರೆ, ಕೈ ಚಾಚುವುದಿಲ್ಲ. ವಾಟ್ಸಾಪ್‌ನಲ್ಲಂತೂ ರಿಪೋರ್ಟಿನ ಫೋಟೊ ಮಾತ್ರ ಬರುತ್ತದೆ. ಅದೇನು ಜಾತಕವೇ, ನೋಡಿ ಭವಿಷ್ಯ ಹೇಳಲಿಕ್ಕೆ?

ಸಿಆರ್‌ಪಿ ತಯಾರಾಗುವುದು ಲಿವರಿನಲ್ಲಿ. ಈ ಕಾಯಿಲೆಯ ಉರಿಯೂತ ಇರುವುದು ಮಹಾಧಮನಿ ಮತ್ತು ಅದರ ಕವಲುಗಳ ಗೋಡೆಯೊಳಗೆ. ಅಲ್ಲಿ ಸಣ್ಣಗೆ ಉರಿಯುತ್ತಿದ್ದರೂ ರಕ್ತದಲ್ಲಿ ಸುಳಿವು ಸಿಗದಿರಬಹುದು. ಕಾಯಿಲೆ ತಣ್ಣಗಾಗಿದೆ ಎಂದುಕೊಂಡವರಿಗೆ ಬೈಪಾಸ್ ಮಾಡಿದಾಗ ತೆಗೆದ ರಕ್ತನಾಳದ ತುಣುಕಿನಲ್ಲಿ ಉರಿಯೂತ ಕಂಡದ್ದಿದೆ. ಇನ್ನೊಂದು ಕಡೆ, ರಕ್ತಹೀನತೆ ಇದ್ದರೆ, ಬಸಿರಿದ್ದರೆ ಇಎಸ್‌ಆರ್ ತಾನಾಗಿಯೇ ಏರುತ್ತದೆ. ನಮ್ಮ ಮಳೆಗಾಲದಲ್ಲಿ ಇಲಿಜ್ವರ ಬಂದರೆ ಸಿಆರ್‌ಪಿ ಜಿಗಿಯುತ್ತದೆ, ಹಲ್ಲಿನ ಬುಡದಲ್ಲಿ ಕೀವಾದರೂ ಸಾಕು. ಈ ಕಾಯಿಲೆಗೆ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರಂತೂ ಸಿಆರ್‌ಪಿಯನ್ನು ನಂಬಲೇಬಾರದು. ಲಿವರಿಗೆ ಸಿಆರ್‌ಪಿ ಮಾಡು ಎನ್ನುವ ಐಎಲ್-6 ಸಂದೇಶವನ್ನೇ ಅದು ತಡೆಯುವುದರಿಂದ ಒಳಗೆ ಏನೇ ನಡೆಯುತ್ತಿರಲಿ, ಅಂಕಿ ನೆಲ ಕಚ್ಚಿರುತ್ತದೆ.

1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಟಕಯಾಸು ಇದನ್ನು ಮೊದಲು ವರದಿ ಮಾಡಿದಾಗ ಸಿಆರ್‌ಪಿ ಎಂಬುದು ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಅಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ ಎಂದು ಆಗಿನ ವೈದ್ಯರು ಬೆರಳಿಟ್ಟೇ ಕಂಡುಕೊಂಡರು. ಈಗಲೂ ಮೊದಲ ಕೆಲಸ ಅದೇ: ಎರಡೂ ಮಣಿಕಟ್ಟಿನ ನಾಡಿ, ಎರಡೂ ತೋಳಿನ ಬಿಪಿ, ಕುತ್ತಿಗೆ, ಕೊರಳೆಲುಬಿನ ಕೆಳಗೆ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್. ಎರಡು ತೋಳುಗಳ ಬಿಪಿಯ ಮೇಲಿನ ಅಂಕಿಯಲ್ಲಿ (ಸಿಸ್ಟೋಲಿಕ್) 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನಾನು ಸುಮ್ಮನೆ ಬಿಡುವುದಿಲ್ಲ. ನಾಳ ಕಿರಿದಾದ ಎಡಗೈಯಲ್ಲಿ ಮಾತ್ರ ಬಿಪಿ ನೋಡಿ ‘ಲೋ ಬಿಪಿ, ಉಪ್ಪು ಹಾಕಿ ಮಜ್ಜಿಗೆ ಕುಡಿಯಮ್ಮ’ ಎಂದು ಕಳಿಸುವವರಿದ್ದಾರೆ. ಬಲಗೈಯಲ್ಲಿ ನೋಡಿದರೆ 170 ಇರುತ್ತದೆ! ಕಿಡ್ನಿಗೆ ಹೋಗುವ ನಾಳ ಕಿರಿದಾದವರಿಗೆ ಈ ಮಜ್ಜಿಗೆ ಎಂಥ ಅನಾಹುತ, ಯೋಚಿಸಿ.

ಈ ಕಾಯಿಲೆಗೆಂದೇ ನಮ್ಮ ದೇಶದ ವೈದ್ಯರು ರೂಪಿಸಿದ ಐಟ್ಯಾಸ್ 2010 ಎಂಬ ಅಂಕಪಟ್ಟಿ ಇದೆ. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಬಂದದ್ದು, ಹೆಚ್ಚಾದದ್ದು ಏನು ಎಂಬುದಕ್ಕೆ ಅದರಲ್ಲಿ ಅಂಕ. ಹಾಗಾಗಿ ಮಗಳನ್ನು ಕೇಳಿ: ಕೈ ಸೋಲುವುದು ಯಾವಾಗಿನಿಂದ? ಮೊದಲಿನಿಂದ ಹೀಗೇ ಇದ್ದರೆ ಹಳೆಯ ಗಾಯ ಗಟ್ಟಿಯಾಗಿ ನಾಳ ಕಿರಿದಾದದ್ದಿರಬಹುದು, ಅದಕ್ಕೆ ಸ್ಟಿರಾಯ್ಡ್ ಏರಿಸಿ ಪ್ರಯೋಜನವಿಲ್ಲ. ಹೊಸದಾದರೆ ಕಾಯಿಲೆ ಎದ್ದಿರಬಹುದು. ರಕ್ತನಾಳಗಳ ಚಿತ್ರ ತೆಗೆಯುವ ಎಂಆರ್ ಆಂಜಿಯೊಗ್ರಾಮ್ ಮಾಡಿಸಿ ಹಳೆಯದರ ಜತೆ ಹೋಲಿಸಬೇಕು. ಸಿಡಿ ಎಸೆದಿಲ್ಲ ತಾನೇ?

ಅಲ್ಲಿವರೆಗೆ ಮಾತ್ರೆ ತಪ್ಪಿಸಬೇಡಿ. ಬಹುಕಾಲ ತೆಗೆದುಕೊಂಡ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ವಾಂತಿಯಾಗಿ, ಬಿಪಿ ಕುಸಿದು ಐಸಿಯು ಸೇರುವವರಿದ್ದಾರೆ.

ಪ್ರಶ್ನೆ: ನನಗೂ ಟಕಯಾಸು ಇದೆ. ಇಮ್ಯುನಿಟಿಗೆ ಅಮೃತಬಳ್ಳಿ ಕಷಾಯ ಕುಡಿಯಬಹುದೇ? – ಕಾರ್ಕಳ

ಉತ್ತರ: ನಿಮ್ಮ ಇಮ್ಯುನಿಟಿಯೇ ನಿಮ್ಮ ರಕ್ತನಾಳದ ಮೇಲೆ ಎರಗಿದೆ, ಇನ್ನೂ ಹೆಚ್ಚಿಸುವುದು ಯಾಕೆ ಮಾರಾಯ್ರೆ? ಅದನ್ನು ಕುಡಿದವರ ಲಿವರ್ ಕೆಟ್ಟದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಪ್ರಶ್ನೆ: ಒಬ್ಬರು ಪುಡಿ ಕೊಟ್ಟು ಹದಿನೈದು ದಿನದಲ್ಲಿ ಇಎಸ್‌ಆರ್ ಇಳಿಸುತ್ತಾರಂತೆ. – ಸುರತ್ಕಲ್

ಉತ್ತರ: ಇಳಿಸಿಯಾರು. ಸ್ಟಿರಾಯ್ಡ್ ಬೆರೆಸಿದ ಪುಡಿ ತಿಂದರೆ ಯಾರದ್ದೂ ಇಳಿಯುತ್ತದೆ.

ಪ್ರಶ್ನೆ: ಮೀನು ಬಿಟ್ಟರೆ ಸಿಆರ್‌ಪಿ ಕಡಿಮೆಯಾಗುತ್ತದೆಯೇ? – ಮಲ್ಪೆ

ಉತ್ತರ: ಇಲ್ಲ. ಬಂಗುಡೆ ತಿನ್ನಿ, ಒಣಮೀನು ಬಿಡಿ, ಅದರಲ್ಲಿ ಉಪ್ಪು ಹೆಚ್ಚು.

ಪ್ರಶ್ನೆ: ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ. ಮಗಳಿಗೆ ಮದುವೆ ಮಾಡಬಹುದೇ? – ಉಡುಪಿ

ಉತ್ತರ: ಮದುವೆಗೆ ನನ್ನ ಅಪ್ಪಣೆ ಬೇಡ. ಮಗು ಬೇಕೆನಿಸಿದಾಗ ಮಾತ್ರ, ಬಸಿರಾಗುವುದಕ್ಕೆ ಸಾಕಷ್ಟು ಮೊದಲೇ ಬನ್ನಿ, ಆ ಮಾತ್ರೆ ಬದಲಿಸಲೇಬೇಕು. ಅಳಿಯನನ್ನೂ ಕರೆತನ್ನಿ.