ಬಚ್ಚಲುಮನೆಗೆ ಟೈಲ್ಸ್: ಮೇಸ್ತ್ರಿಗೆ ಕೆಲಸ ಒಪ್ಪಿಸುವ ಮುನ್ನ

ಪ್ರಶ್ನೆ: ಮಂಡ್ಯದ ನಮ್ಮ ಹಳೇ ಮನೆಯ 5×7 ಅಡಿ ಬಚ್ಚಲುಮನೆಗೆ 7 ಅಡಿ ಎತ್ತರದವರೆಗೆ ಟೈಲ್ಸ್ ಹಾಕಿಸಬೇಕು. ಎಷ್ಟು ಬೇಕು? ಮೇಸ್ತ್ರಿ ಹತ್ತಿರ ಏನೇನು ಮಾತಾಡಿಕೊಳ್ಳಬೇಕು?

ಉತ್ತರ: ಸುತ್ತಳತೆ 24 ಅಡಿ. ಗೋಡೆಯ 168 ಚದರಡಿಯಲ್ಲಿ ಬಾಗಿಲು ಕಳೆದರೆ ಸುಮಾರು 150, ನೆಲ 35. ಕತ್ತರಿಸುವಾಗ ಒಡೆಯುವುದಕ್ಕೆ ಶೇ. 10 ಸೇರಿಸಿ. ಗೋಡೆಗೆ 12×18 ಇಂಚಿನವಾದರೆ 110 ಸಾಕು. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ, ಇಲ್ಲದಿದ್ದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ.

ಹಳೇ ಟೈಲ್ಸ್ ಒಡೆಯುವುದು, ಮಣ್ಣುಕಲ್ಲು ಸಾಗಿಸುವುದು, ಗ್ರೌಟ್ (ಟೈಲ್ಸ್ ನಡುವಿನ ಸಂದಿಗೆ ತುಂಬುವ ಮಿಶ್ರಣ) ಯಾರ ಲೆಕ್ಕ ಎಂದು ಮೊದಲೇ ಬರೆಸಿಕೊಳ್ಳಿ. ಜಗಳ ಹುಟ್ಟುವುದೇ ಅಲ್ಲಿ.

ನೀರು ಸೋರದಂತೆ ಬಳಿಯುವ ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, 24 ಗಂಟೆ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಕೂರಿಸಲು ಬಿಡಬೇಡಿ. ನೆಲದ ಇಳಿಜಾರು 7 ಅಡಿಗೆ ಒಂದಿಂಚಾದರೂ ಬೇಕು.

ಮೂಲೆಗೊಂದು, ನಡುವೆ ಒಂದು ಅಂತ ಸಿಮೆಂಟ್ ಉಂಡೆ ಇಟ್ಟು ಟೈಲ್ಸ್ ಒತ್ತಿಬಿಡುವವರಿದ್ದಾರೆ. ಹಿಂದೆ ಟೊಳ್ಳು ಉಳಿಯುತ್ತದೆ. ಟವೆಲ್ ರಾಡಿಗೆ ತೂತು ಕೊರೆಯುವಾಗ ಅಲ್ಲೇ ಬಿರುಕು. ಹಿಂಬದಿ ಪೂರ್ತಿ ಗಾರೆ ಹಿಡಿಯಬೇಕು. ಗ್ರೌಟ್ ತುಂಬುವ ಮುಂಚೆ ಒಂದೊಂದನ್ನೂ ನಾಣ್ಯದಿಂದ ತಟ್ಟಿ, ಡಬಡಬ ಎಂದದ್ದನ್ನು ತೆಗೆಸಿ. ಕೊನೇ ಕಂತಿನ ದುಡ್ಡು ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರಲಿ.