ಮರ್ಮರ ಸಮುದ್ರದ ಲೋಳೆ ಯಾಕೆ ಮುಳುಗಲಿಲ್ಲ?

ಸತ್ತ ಪಾಚಿ, ಲೋಳೆ ಎಲ್ಲಾ ಕೊನೆಗೆ ಕಡಲ ತಳ ಸೇರುತ್ತದೆ ಅಂತ ನೀವು ಓದಿದ್ದೀರಿ. ಹಾಗಾದರೆ 2021ರಲ್ಲಿ ಟರ್ಕಿಯ ಮರ್ಮರ ಸಮುದ್ರದಲ್ಲಿ ಅಷ್ಟೊಂದು ಲೋಳೆ ವಾರಗಟ್ಟಲೆ ತೇಲುತ್ತಲೇ ಇದ್ದದ್ದು ಯಾಕೆ ಅನ್ನುವುದು ನಿಮ್ಮ ಪ್ರಶ್ನೆ.

ಅಂಟಂಟಾಗಿದ್ದರೆ ಭಾರವಾಗಿರಬೇಕು ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ನಿಜ ಸಂಗತಿ ಉಲ್ಟಾ. ಕಡಲಿನ ಸೂಕ್ಷ್ಮ ಪಾಚಿಗಳು ಹೊರಬಿಡುವ ಈ ಅಂಟು ಹೆಚ್ಚಾಗಿ ಸಕ್ಕರೆ ಜಾತಿಯ ವಸ್ತು, ಬೆಂಡೆಕಾಯಿ ಲೋಳೆಯ ಹಾಗೆ. ಬರೀ ಅಂಟಷ್ಟೇ ಇದ್ದರೆ ಅದು ಉಪ್ಪುನೀರಿಗಿಂತ ಹಗುರ. ಸುಮ್ನೆ ಬಿಟ್ಟರೆ ಮೇಲಕ್ಕೇ ಹೋಗುತ್ತದೆ. ಅದಕ್ಕೆ ಡಯಾಟಮ್‌ಗಳ (ಒಂದು ಬಗೆಯ ಸೂಕ್ಷ್ಮ ಪಾಚಿ) ಗಾಜಿನಂಥ ಚಿಪ್ಪು, ಮಣ್ಣಿನ ಕಣ, ಸಣ್ಣ ಪ್ರಾಣಿಗಳ ಹಿಕ್ಕೆ ಅಂಟಿಕೊಂಡಾಗ ಮಾತ್ರ ಮುದ್ದೆಯಾಗಿ ಇಳಿಯುತ್ತದೆ. ಇಂಥ ಮುದ್ದೆಗಳಿಗೆ ಮರೈನ್ ಸ್ನೋ ಅನ್ನುತ್ತಾರೆ. ದಿನಕ್ಕೆ ಹತ್ತಾರು ಮೀಟರ್‌ನಿಂದ ನೂರಾರು ಮೀಟರ್‌ವರೆಗೂ ಇಳಿಯುತ್ತವೆ. ಅಂದರೆ ಅಂಟು ಎಷ್ಟಿದೆ ಅನ್ನುವುದಕ್ಕಿಂತ ಅದಕ್ಕೆ ಏನು ಅಂಟಿದೆ, ಕೆಳಗಿನ ನೀರು ಹೇಗಿದೆ ಅನ್ನುವುದೇ ಮುಖ್ಯ.

ಮರ್ಮರದಲ್ಲಿ ತೊಂದರೆ ಇರುವುದು ಆ ಕೆಳಗಿನ ನೀರಿನಲ್ಲಿ. ಈ ಸಮುದ್ರ ಎರಡು ಪದರದ್ದು. ಕಪ್ಪು ಸಮುದ್ರದಿಂದ ಬಾಸ್ಫರಸ್ ಜಲಸಂಧಿ ದಾಟಿ ಬರುವ ಕಡಿಮೆ ಉಪ್ಪಿನ ನೀರು ಮೇಲಿನ ಸುಮಾರು 25 ಮೀಟರ್. ಅದರ ಕೆಳಗೆ ಮೆಡಿಟರೇನಿಯನ್ ಕಡೆಯಿಂದ ಬಂದ ನೀರು, ಲೀಟರಿಗೆ ಹೆಚ್ಚುಕಡಿಮೆ 38 ಗ್ರಾಂ ಉಪ್ಪು. ಒಂದು ಘನ ಮೀಟರ್ ನೀರನ್ನು ತೂಗಿದರೆ ಕೆಳಗಿನದು ಹತ್ತು ಕಿಲೋಗಿಂತ ಜಾಸ್ತಿ ಭಾರ. ಮರೈನ್ ಸ್ನೋ ಮುದ್ದೆಯಲ್ಲಿ ಬಹುಪಾಲು ನೀರೇ ಇರುತ್ತದೆ. ಸುತ್ತಲಿನ ನೀರಿಗಿಂತ ಅದು ಭಾರ ಇರುವುದು ಸಾಮಾನ್ಯವಾಗಿ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೇಲಿನ ಹಗುರ ನೀರನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬಂದ ಮುದ್ದೆ ಆ ಗಡಿಯಲ್ಲಿ ನಿಲ್ಲದೆ ಇನ್ನೇನು ಮಾಡೀತು? ಒಳಗಿನ ನೀರು ಹೋಗಿ ಉಪ್ಪುನೀರು ಸೇರುವವರೆಗೆ ಅದು ಕಾಯಬೇಕು. ಮುದ್ದೆ ದೊಡ್ಡದಾದಷ್ಟೂ, ಲೋಳೆ ಗಟ್ಟಿಯಾದಷ್ಟೂ ಕಾಯುವುದು ಜಾಸ್ತಿ. ಅಷ್ಟರಲ್ಲಿ ಹಿಂದಿನಿಂದ ಬಂದವೂ ಅಲ್ಲೇ ಸೇರಿ ಹಾಳೆಯಂತೆ ಹರಡುತ್ತವೆ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರಂತೂ ಮೇಲಕ್ಕೇ ಪ್ರಯಾಣ.

ಶಾಂತ ಹವೆ, ಬಿಸಿಯಾದ ನೀರು, ಸುತ್ತಲಿನ ಊರುಗಳ ಕೊಳಚೆಯಿಂದ ಬಂದ, ಪಾಚಿಗೆ ಗೊಬ್ಬರವಾಗುವ ಸಾರಜನಕ, ರಂಜಕ ಇವೂ ಸೇರಿಕೊಂಡವು. ಅಲೆ ಹದವಾಗಿದ್ದರೆ ಕಣಗಳು ಒಂದಕ್ಕೊಂದು ತಾಗಿ ಮುದ್ದೆ ದೊಡ್ಡದಾಗುತ್ತದೆ, ಜೋರಾದರೆ ಒಡೆದುಹೋಗುತ್ತದೆ. ಬಿಸಿ ನೀರಿನ ವಿಷಯ ಸ್ವಲ್ಪ ತಮಾಷೆ. 30 ಡಿಗ್ರಿಯ ನೀರು ಸೊನ್ನೆ ಡಿಗ್ರಿಯದಕ್ಕಿಂತ ಸುಮಾರು ಅರ್ಧದಷ್ಟೇ ಮಂದ, ಹಾಗಾಗಿ ಕಣ ಬೇಗ ಇಳಿಯಬೇಕು. ಆದರೆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಕೂಡ ಅದನ್ನು ಬೇಗ ತಿಂದು ಹಗುರ ಮಾಡುತ್ತವೆ.

ನಮ್ಮ ಕಡಲುಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಬಂಗಾಳ ಕೊಲ್ಲಿಯ ಮೇಲ್ಪದರವೂ ನದಿ ನೀರಿನಿಂದ ಸಪ್ಪೆ. ಆದರೂ ಅಲ್ಲಿ ಕಣಗಳು ಚೆನ್ನಾಗಿಯೇ ಇಳಿಯುತ್ತವೆ, ಯಾಕೆಂದರೆ ಗಂಗಾ, ಬ್ರಹ್ಮಪುತ್ರಾ ತರುವ ಮಣ್ಣು ಅವಕ್ಕೆ ಅಂಟಿ ಭಾರ ಕೊಡುತ್ತದೆ. 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಜೊತೆ ಸೇರಿ ಆಳದಲ್ಲಿ ಕಣ ಹಿಡಿಯುವ ಬಲೆಗಳನ್ನಿಟ್ಟು ಇದನ್ನು ಅಳೆದರು. ಅರಬ್ಬಿ ಸಮುದ್ರದ ಬಲೆಗಳಲ್ಲಿ ಮಳೆಗಾಲದ ಗಾಳಿ ಬೀಸುವ ತಿಂಗಳುಗಳಲ್ಲಿ ಕಣಗಳು ಏರಿದ್ದವು. ಬಂಗಾಳ ಕೊಲ್ಲಿಯ ನಡು ಆಳದಲ್ಲಿ ಆಮ್ಲಜನಕ ಅರಬ್ಬಿ ಸಮುದ್ರದಷ್ಟು ಖಾಲಿಯಾಗದಿರಲು ಈ ಮಣ್ಣಿನ ಭಾರವೂ ಒಂದು ಕಾರಣ ಅಂತ ಹಲವರು ಹೇಳುತ್ತಾರೆ. ನನಗೂ ಈ ವಾದ ಒಪ್ಪಿಗೆ: ಬೇಗ ಇಳಿದ ಕಣಕ್ಕೆ ನಡುವೆ ಕೊಳೆತು ಆಮ್ಲಜನಕ ಖರ್ಚು ಮಾಡಲು ಸಮಯವೇ ಸಿಗುವುದಿಲ್ಲ.

ಮತ್ತೆ, ಮರ್ಮರದ ಲೋಳೆ ಪೂರ್ತಿ ತೇಲಿತು ಅಂತಲೂ ಅಲ್ಲ. ಒಂದಷ್ಟು ತಳಕ್ಕೆ ಇಳಿದು ಅಲ್ಲಿನ ಹವಳಗಳನ್ನು ಮುಚ್ಚಿ ಉಸಿರುಕಟ್ಟಿಸಿತು. ಟಿವಿಯಲ್ಲಿ ಕಂಡದ್ದು ದೋಣಿಗಳು ಬಾಚಿದ ಮೇಲಿನ ಪಾಲು ಮಾತ್ರ.